ಮುಕ್ಕಾಲು ಕೊಯ್ದು ಮಗುಚಿ, ಚೈನ್ ಉಳಿಯುತ್ತದೆ

ನೆಲದ ಮೇಲೆ ಮಲಗಿರುವ ದಿಮ್ಮಿಯನ್ನು ಚೈನ್‌ಸಾದಲ್ಲಿ ಸೌದೆಗೆ ತುಂಡು ಮಾಡುವಾಗ ಒಂದೊಂದೇ ತುಂಡನ್ನು ಪೂರ್ತಿ ಕೊಯ್ಯಬೇಡಿ. ಬೇಕಾದ ಅಳತೆಗೆ ಉದ್ದಕ್ಕೂ ದಪ್ಪದ ಮುಕ್ಕಾಲು ಭಾಗ ಮಾತ್ರ ಕೊಯ್ಯುತ್ತಾ ಹೋಗಿ. ಆಮೇಲೆ ಮೆಷಿನ್ ಆಫ್ ಮಾಡಿ, ಹಾರೆಯಿಂದ ಮೀಟಿ ದಿಮ್ಮಿ ಮಗುಚಿ, ಉಳಿದದ್ದನ್ನು ಮೇಲಿಂದ ಮುಗಿಸಿ. ಓಡುವ ಚೈನ್‌ಗೆ ಒಂದು ಕ್ಷಣ ಮಣ್ಣು ತಾಗಿದರೂ ಸಾಕು, ಹಲ್ಲು ಮೊಂಡಾಗುತ್ತದೆ. ಹೀಗೆ ಮಾಡಿದರೆ ಅದು ನೆಲ ಮುಟ್ಟೋದೇ ಇಲ್ಲ. (ದಪ್ಪ ಚೂರುಗಳ ಬದಲು ಹಿಟ್ಟಿನಂಥ ನುಣ್ಣನೆ ಪುಡಿ ಬೀಳ್ತಿದ್ರೆ ಮೊದಲು ಹಲ್ಲಿಗೆ ಅರ ಹಾಕಿ ಹರಿತ ಮಾಡಿ, ಬಲ ಹಾಕಿ ಒತ್ತಬೇಡಿ.) ಎರಡೂ ತುದಿ ಆನಿಕೊಂಡು ನಡು ತೇಲುತ್ತಿರುವ ದಿಮ್ಮಿಗೆ ಇದು ಆಗಲ್ಲ. ಕೊಯ್ದ ಸಂದು ಮೇಲಿಂದ ಮುಚ್ಚಿಕೊಂಡು ಬಾರ್ (ಚೈನ್ ಸುತ್ತುವ ಉದ್ದ ಪಟ್ಟಿ) ಸಿಕ್ಕಿಬೀಳುತ್ತದೆ. ಮಗುಚಲಾಗದಷ್ಟು ದಪ್ಪ ಇದ್ದರೆ ಸುಮ್ನೆ ಹೆಣಗಬೇಡಿ. ಇಳಿಜಾರಿನಲ್ಲಂತೂ ಮಗುಚಲೇಬೇಡಿ, ಉರುಳಿದರೆ ಹಿಡಿಯೋಕಾಗಲ್ಲ.