ಜಾವಾ ಸೆಕ್ಯೂರಿಟಿ ಲೈಬ್ರರಿಯ ಕಾಮೆಂಟುಗಳನ್ನು ಓರಣ ಮಾಡಿದ್ದು: ನನ್ನ ಅನುಭವ

ಜಾವಾದ ಓಪನ್ ಸೋರ್ಸ್ ರೂಪವಾದ ಓಪನ್‌ಜೆಡಿಕೆಯಲ್ಲಿ ಏನಾದರೂ ಕೆಲಸ ಮಾಡಬೇಕು ಅನ್ನಿಸಿದಾಗ ಯಾರೂ ಇಷ್ಟಪಟ್ಟು ಮುಟ್ಟದ ಒಂದು ಕೆಲಸ ಹಿಡಿದೆ. ಸೆಕ್ಯೂರಿಟಿ ಪ್ಯಾಕೇಜುಗಳ ಜಾವಾಡಾಕ್ ಕಾಮೆಂಟುಗಳನ್ನು (ಕೋಡಿನ ಜೊತೆಗೇ ಬರೆದಿಡುವ ವಿವರಣೆ, ಇದರಿಂದಲೇ ಡಾಕ್ಸ್ ಪುಟಗಳು ತಯಾರಾಗುತ್ತವೆ) ಓರಣ ಮಾಡುವುದು. ಮೆಸೇಜ್‌ಡೈಜೆಸ್ಟ್, ಸಿಗ್ನೇಚರ್, ಕೀಸ್ಟೋರ್ ಎಲ್ಲ ತೊಂಬತ್ತರ ದಶಕದ ಕ್ಲಾಸುಗಳು. ಎಷ್ಟೋ ಜನರ ಕೈ ದಾಟಿ ಬಂದಿವೆ. ಪದವನ್ನು ಕೋಡಿನ ಹಾಗೆ ತೋರಿಸಲು ಒಂದು ಕಡೆ ಹಳೆಯ ಎಚ್‌ಟಿಎಂಎಲ್ ಕೋಡ್ ಟ್ಯಾಗ್, ಇನ್ನೊಂದು ಕಡೆ 2004ರಲ್ಲಿ ಜಾವಾ 5ರ ಜೊತೆ ಬಂದ ಕರ್ಲಿ ಬ್ರಾಕೆಟ್ಟಿನ ಕೋಡ್ ಟ್ಯಾಗ್.

ಮೊದಲು ಕಾಮೆಂಟುಗಳ ತಪ್ಪು ಹುಡುಕುವ ಡಾಕ್‌ಲಿಂಟ್ ಓಡಿಸಿದೆ. ಜಾವಾ 8ರಿಂದ ಇದು ಜೆಡಿಕೆ (ಜಾವಾ ಡೆವಲಪ್‌ಮೆಂಟ್ ಕಿಟ್) ಜೊತೆಗೇ ಬರುತ್ತದೆ. ಮುಚ್ಚದ ಟ್ಯಾಗು, ಬಿಟ್ಟುಹೋದ ಪ್ಯಾರಾಮ್ ಸಾಲು (ಮೆಥಡ್‌ಗೆ ಏನು ಕೊಡಬೇಕು ಅಂತ ಹೇಳುವ ಸಾಲು), ಎಲ್ಲಿಗೂ ಹೋಗದ ಲಿಂಕು, ಎಲ್ಲವನ್ನೂ ಹಿಡಿದುಕೊಡುತ್ತದೆ. ಹಳೆಯ ಕೋಡ್ ಟ್ಯಾಗ್ ಬಗ್ಗೆ ಮಾತ್ರ ತುಟಿ ಬಿಚ್ಚುವುದಿಲ್ಲ, ಅದು ತಪ್ಪಲ್ಲವಲ್ಲ.

ಹಾಗಾದರೆ ಫೈಂಡ್-ರಿಪ್ಲೇಸ್‌ನಲ್ಲಿ ಒಂದೇ ಏಟಿಗೆ ಬದಲಿಸಿದರೆ ಆಯ್ತಲ್ವಾ? ಆಗಲ್ಲ. ಹಳೆಯ ಟ್ಯಾಗಿನ ಒಳಗೆ ಲಿಂಕ್ ಹಾಕಬಹುದು, ಲೆಸ್ ದ್ಯಾನ್ ಗುರುತನ್ನು ಎಂಟಿಟಿಯಾಗಿ (< ಅಂತ) ಬರೆಯಬಹುದು. ಹೊಸ ಟ್ಯಾಗ್ ಒಳಗಿರುವುದನ್ನು ಅರ್ಥ ಮಾಡಿಕೊಳ್ಳುವುದೇ ಇಲ್ಲ, ಇದ್ದದ್ದನ್ನು ಇದ್ದ ಹಾಗೇ ಅಚ್ಚು ಹಾಕುತ್ತದೆ. ಪುಟದಲ್ಲಿ ಆ ಅಂಕಿ, ಸೆಮಿಕೋಲನ್ ಎಲ್ಲ ಹಾಗೇ ಕಾಣುತ್ತವೆ.

ಇದಕ್ಕೆ ನಾನು ನೆಚ್ಚಿಕೊಂಡ ಉಪಾಯ ಒಂದಿದೆ. ಎರಡೂ ಟ್ಯಾಗುಗಳಿಂದ ಕೊನೆಗೆ ಹುಟ್ಟುವ ಎಚ್‌ಟಿಎಂಎಲ್ ಒಂದೇ. ಹಾಗಾಗಿ ಬದಲಾವಣೆಗೆ ಮುಂಚೆ ಒಮ್ಮೆ, ಆಮೇಲೆ ಒಮ್ಮೆ ಡಾಕ್ಸ್ ಬಿಲ್ಡ್ ಮಾಡಿ ಎರಡು ಫೋಲ್ಡರುಗಳ ಡಿಫ್ (ವ್ಯತ್ಯಾಸದ ಪಟ್ಟಿ) ತೆಗೆದೆ. ಬಿಲ್ಡ್ ಮಾಡಿದ ಸಮಯ ಪುಟದಲ್ಲಿ ಬರದಂತೆ ನೋ-ಟೈಮ್‌ಸ್ಟ್ಯಾಂಪ್ ಆಯ್ಕೆ ಹಾಕಬೇಕು, ಇಲ್ಲದಿದ್ದರೆ ಎಲ್ಲ ಫೈಲೂ ಬದಲಾದ ಹಾಗೆ ಕಾಣುತ್ತದೆ. ಡಿಫ್ ಖಾಲಿ ಬಂದರೆ ಕೆಲಸ ಸರಿ. ಏನಾದರೂ ಕಂಡರೆ ಆ ಸಾಲನ್ನು ಕೈಯಾರೆ ನೋಡುವುದು.

ನಿಜವಾದ ಎಚ್ಚರ ಬೇಕಾಗಿದ್ದು ಥ್ರೋಸ್ ಸಾಲುಗಳಲ್ಲಿ, ಅಂದರೆ ಯಾವಾಗ ಯಾವ ಎರರ್ ಬರುತ್ತದೆ ಅಂತ ಹೇಳುವ ಸಾಲುಗಳಲ್ಲಿ. ಕೋಡ್ ನೋಡಿದರೆ ನಲ್ ಕೊಟ್ಟಾಗ ನಲ್‌ಪಾಯಿಂಟರ್ ಎಕ್ಸೆಪ್ಶನ್ ಬರುತ್ತದೆ, ಕಾಮೆಂಟಿನಲ್ಲಿ ಅದರ ಮಾತೇ ಇಲ್ಲ. ಸುಮ್ನೆ ಒಂದು ಸಾಲು ಸೇರಿಸೋಣ ಅನ್ನಿಸುತ್ತದೆ. ಆದರೆ ಈ ಕಾಮೆಂಟೇ ಜಾವಾದ ಸ್ಪೆಸಿಫಿಕೇಶನ್. ಆ ಸಾಲು ಸೇರಿದರೆ ಜಾವಾದ ಬೇರೆ ಇಂಪ್ಲಿಮೆಂಟೇಶನ್‌ಗಳೂ ಹಾಗೇ ನಡೆದುಕೊಳ್ಳಬೇಕು. ಪ್ರೊವೈಡರ್ (ಈ ಕ್ಲಾಸುಗಳ ಹಿಂದೆ ನಿಜವಾದ ಕ್ರಿಪ್ಟೋ ಕೆಲಸ ಮಾಡುವ ಕೋಡ್) ಬರೆಯುವವರ ಮೆಥಡ್ ಆಗಿದ್ದರೆ ಅವರ ಮೇಲೂ ಹೊರೆ. ಇಂಥದ್ದಕ್ಕೆ ಸಿಎಸ್‌ಆರ್ (ಕಂಪ್ಯಾಟಿಬಿಲಿಟಿ ಅಂಡ್ ಸ್ಪೆಸಿಫಿಕೇಶನ್ ರಿವ್ಯೂ) ಅನ್ನುವ ಬೇರೆಯದೇ ಪರಿಶೀಲನೆ ಇದೆ. ಹಾಗಾಗಿ ಅರ್ಥ ಬದಲಾಗುವ ಸಾಲುಗಳನ್ನೆಲ್ಲ ತೆಗೆದು ಪಕ್ಕಕ್ಕಿಟ್ಟು ಬೇರೆ ಇಶ್ಯೂ ಮಾಡಿದೆ.

ಉದಾಹರಣೆ ಕೋಡ್ ಕೂಡ ಇದೇ ಜಾತಿ. ಜಾವಾ 8ರ ಸೈಫರ್ ಕ್ಲಾಸಿನ ಕಾಮೆಂಟಿನಲ್ಲಿದ್ದ ಉದಾಹರಣೆ ಡಿಇಎಸ್ ಅನ್ನುವ ಹಳೆಯ ಗೂಢಲಿಪಿ ವಿಧಾನದ್ದು, ಅಂದರೆ ಬರೀ 56 ಬಿಟ್ ಕೀ, ಈಗ ಸುರಕ್ಷಿತವಲ್ಲ. ವಿವರಣೆ ಓದುವವರಿಗಿಂತ ಉದಾಹರಣೆ ಕಾಪಿ ಮಾಡುವವರೇ ಜಾಸ್ತಿ. ಅಲ್ಪವಿರಾಮ ತಿದ್ದುವುದಕ್ಕಿಂತ ಇಂಥದ್ದನ್ನು ಹುಡುಕುವುದು ನೂರು ಪಾಲು ಮುಖ್ಯ ಅಂತ ನನ್ನ ಲೆಕ್ಕ.

ಒಂದು ಪುಲ್ ರಿಕ್ವೆಸ್ಟಿಗೆ ಒಂದೇ ಪ್ಯಾಕೇಜ್ ಇಟ್ಟುಕೊಂಡೆ, ಹೆಡರಿನ ಕಾಪಿರೈಟ್ ವರ್ಷವನ್ನೂ ಬದಲಿಸಿದೆ. ಜೆಡಿಕೆ 23ರಿಂದ ಕಾಮೆಂಟನ್ನು ಮಾರ್ಕ್‌ಡೌನ್‌ನಲ್ಲೂ ಬರೆಯಬಹುದು. ಹಳೆಯ ಫೈಲುಗಳಲ್ಲಿ ಅದಕ್ಕೆ ಕೈ ಹಾಕಲಿಲ್ಲ. ಹಾಕಿದರೆ ಗಿಟ್ ಬ್ಲೇಮ್‌ನಲ್ಲಿ (ಯಾವ ಸಾಲನ್ನು ಕೊನೆಗೆ ಯಾರು ಮುಟ್ಟಿದರು ಅಂತ ತೋರಿಸುವ ಕಮ್ಯಾಂಡ್) ಸಾಲುಸಾಲಿಗೂ ನನ್ನ ಹೆಸರೇ ಬರುತ್ತದೆ, ಆಮೇಲೆ ಯಾರೋ ಆರ್‌ಎಸ್‌ಎ ಗೂಢಲಿಪಿಯ ಬಗ್ಗೆ ನನ್ನನ್ನೇ ಕೇಳುತ್ತಾರೆ.