ಸೇಂಟ್ ಮೇರೀಸ್‌ಗೆ ಹೋಗುವ ಮೊದಲು ಇಳಿತ ನೋಡಿ

ಉಡುಪಿಗೆ ನೆಂಟರು ಬಂದರೆ ಕೃಷ್ಣ ಮಠ, ಗಡ್‌ಬಡ್ ಐಸ್‌ಕ್ರೀಮ್, ಆಮೇಲೆ ಸೇಂಟ್ ಮೇರೀಸ್ ದ್ವೀಪ. ನಮ್ಮ ಮನೆಯಲ್ಲಿ ದ್ವೀಪಕ್ಕೆ ಕರೆದುಕೊಂಡು ಹೋಗುವ ಕೆಲಸ ನನ್ನದು. ಹೋಗಿ ಹೋಗಿ ಗೊತ್ತಾಗಿದ್ದು ಇಷ್ಟು: ಟಿಕೆಟ್‌ಗಿಂತ ಮೊದಲು ಸಮುದ್ರದ ಇಳಿತ ನೋಡಬೇಕು.

ದ್ವೀಪಕ್ಕೆ ಬೋಟ್ ಹೊರಡುವ ಮಲ್ಪೆಯ ಭರತ-ಇಳಿತದ ಸಮಯ ಮೊಬೈಲ್‌ನಲ್ಲೇ ಸಿಗುತ್ತದೆ. ಬೆಳಿಗ್ಗೆ ಇಳಿತ ಇರುವ ದಿನ ಆರಿಸುತ್ತೇನೆ, ಅದೂ ಡಿಸೆಂಬರ್-ಜನವರಿಯಲ್ಲಿ. ಮಳೆಗಾಲದಲ್ಲಿ ಹೇಗೂ ಬೋಟ್ ಇಲ್ಲ. ವಾರದ ಮಧ್ಯೆ ಹೋದರೆ ರಶ್ ಕಡಿಮೆ, ಆದರೆ ಬೋಟ್ ತುಂಬುವ ತನಕ ಕಾಯಬೇಕು. ಕಾಯುವುದಕ್ಕೆ ನನಗೆ ಬೇಜಾರಿಲ್ಲ. ಬಂದರಿನಲ್ಲಿ ಸುಮ್ನೆ ಕೂತರೂ ಗರುಡ ಕಾಣುತ್ತದೆ. ತಲೆ, ಎದೆ ಬಿಳಿ, ರೆಕ್ಕೆ ಇಟ್ಟಿಗೆ ಬಣ್ಣ. ಮೀನಿನ ಬೋಟ್‌ಗಳ ಮೇಲೆಯೇ ಸುತ್ತುತ್ತಿರುತ್ತದೆ.

ದ್ವೀಪದಲ್ಲಿ ಇಳಿದವರು ಮೊದಲು ಫೋಟೋಕ್ಕೆ ಓಡುತ್ತಾರೆ. ನಾನು ನೇರ ಕಲ್ಲಿನ ಕಂಬಗಳ ಹತ್ತಿರ ಹೋಗುತ್ತೇನೆ. ಕಳೆದ ಸಲ ತಂಗಿಯ ಮಗ ಒಂದೊಂದು ಕಂಬದ ಮೂಲೆ ಮುಟ್ಟಿ ಎಣಿಸಿದ. ಒಂದಕ್ಕೆ ಆರು, ಪಕ್ಕದ್ದಕ್ಕೆ ಐದು. "ಇದನ್ನೆಲ್ಲ ಯಾರು ಕೆತ್ತಿದ್ದು ಮಾವ?" ಯಾರೂ ಕೆತ್ತಿಲ್ಲ. ದಪ್ಪಗೆ ಹರಿದ ಲಾವಾ ನಿಧಾನವಾಗಿ ತಣಿದು, ಕುಗ್ಗಿ, ಮೇಲಿಂದ ಕೆಳಗೆ ಬಿರುಕು ಬಿಟ್ಟಿದ್ದು. ಸುಮಾರು 8.8 ಕೋಟಿ ವರ್ಷದ ಹಿಂದಿನ ಮಾತು. ಮಡಗಾಸ್ಕರ್ ನಮ್ಮ ನೆಲದಿಂದ ಬೇರೆಯಾದ ಕಾಲ. ದಖ್ಖನ್‌ನ ಕಪ್ಪು ಕಲ್ಲು ಹುಟ್ಟಿದ್ದು ಇದಾದ ಎರಡು ಕೋಟಿ ವರ್ಷದ ಮೇಲೆ! ವಾಸ್ಕೋ ಡ ಗಾಮಾ 1498ರಲ್ಲಿ ಇಲ್ಲಿಳಿದು ಹೆಸರಿಟ್ಟ ಅನ್ನುವ ಕಥೆಯನ್ನೇ ಎಲ್ಲರೂ ಹೇಳುತ್ತಾರೆ. ನನ್ನನ್ನು ಕೇಳಿದರೆ ಕಲ್ಲಿನ ಕಥೆಯೇ ಜಾಸ್ತಿ ರುಚಿ.

ಇಳಿತದ ಮಜಾ ಬಂಡೆಗಳ ನಡುವೆ ನಿಂತ ನೀರಿನಲ್ಲಿದೆ. ಐದು ನಿಮಿಷ ಅಲ್ಲಾಡದೆ ಕುಕ್ಕರಗಾಲಲ್ಲಿ ಕೂತರೆ ಸಾಕು. ಸತ್ತ ಶಂಖ ಅಂದುಕೊಂಡದ್ದು ಮೆಲ್ಲಗೆ ಕಾಲು ಚಾಚಿ ನಡೆಯುತ್ತದೆ. ಒಳಗೊಂದು ಏಡಿ. ಬೆಳೆದ ಹಾಗೆ ಅದಕ್ಕೆ ದೊಡ್ಡ ಶಂಖ ಬೇಕು, ಹಾಗಾಗಿ ಮಕ್ಕಳಿಗೆ ಖಾಲಿ ಶಂಖವನ್ನೂ ಹೆಕ್ಕಲು ಬಿಡುವುದಿಲ್ಲ. ಬಂಡೆಯ ತುದಿಯಲ್ಲಿ ಬೂದು ಬಣ್ಣದ ಕೊಕ್ಕರೆ ನಿಂತಿದ್ದರೆ ಅದರ ಪಾಡಿಗೆ ಬಿಡಿ, ಹತ್ತಿರ ಹೋದರೆ ಹಾರಿಬಿಡುತ್ತದೆ.

ಬರಿಗಾಲಲ್ಲಿ ಮಾತ್ರ ನಡೆಯಬೇಡಿ ಮಾರಾಯ್ರೆ. ಬಂಡೆಗೆ ಅಂಟಿದ ಚಿಪ್ಪು ಬ್ಲೇಡಿನ ಹಾಗೆ ಕೊಯ್ಯುತ್ತದೆ. ಹಿಡಿತ ಇರುವ ಸ್ಯಾಂಡಲ್ ಹಾಕಿ. ಈಜುವ ಆಸೆಯಿದ್ದರೆ ಅದನ್ನು ಮಲ್ಪೆ ಬೀಚಿಗೆ ಇಟ್ಟುಕೊಳ್ಳಿ. ಬಿಸಿಲೇರುವ ಮೊದಲೇ ನಾವು ವಾಪಸ್ ಬೋಟ್ ಹತ್ತುತ್ತೇವೆ. ಮಲ್ಪೆಯಲ್ಲಿ ಮೀನೂಟ ಬಿಸಿಯಾಗಿ ಸಿಗುವ ಹೊತ್ತೂ ಅದೇ.