ಪವರ್ ಬ್ಯಾಂಕ್, ಇಯರ್‌ಬಡ್ಸ್, ಸ್ಪೀಕರ್: ಡಬ್ಬಿ ಮೇಲಿನ ಅಂಕಿ ನಮ್ಮ ಬಿಸಿಲಿಗೆ ನಿಲ್ಲುತ್ತದೆಯೇ?

ಕಲಬುರಗಿಯ ಸೂಪರ್ ಮಾರ್ಕೆಟ್‌ನಲ್ಲಿ ಪವರ್ ಬ್ಯಾಂಕ್ ಕೇಳಿದರೆ ಐನೂರರದ್ದೂ ಕೊಡುತ್ತಾರೆ, ಮೂರು ಸಾವಿರದ್ದೂ ಕೊಡುತ್ತಾರೆ. ಎರಡರ ಡಬ್ಬಿಯ ಮೇಲೂ ಅದೇ 20,000 ಎಂಎಎಚ್ (ಬ್ಯಾಟರಿ ಎಷ್ಟು ಚಾರ್ಜ್ ಹಿಡಿಯುತ್ತದೆ ಎಂಬ ಅಳತೆ) ಎಂದು ಬರೆದಿರುತ್ತದೆ. ಯಾವುದು ನಿಜ ಎಂದು ಅಂಗಡಿಯವರನ್ನು ಕೇಳಿದರೆ ಅವರೂ ಡಬ್ಬಿಯನ್ನೇ ತೋರಿಸುತ್ತಾರೆ. ಆನ್‌ಲೈನ್ ವಿಮರ್ಶೆಗಳನ್ನೂ ಪೂರ್ತಿ ನೆಚ್ಚುವಂತಿಲ್ಲ. ಏಪ್ರಿಲ್, ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ಬಿಸಿಲು, ತೊಗರಿ ರಾಶಿ ಹೊತ್ತಿನ ದೂಳು, ಹೊತ್ತಲ್ಲದ ಹೊತ್ತಿನಲ್ಲಿ ಹೋಗುವ ಕರೆಂಟು, ಇವುಗಳ ನಡುವೆ ಸಾಮಾನು ಹೇಗೆ ನಡೆಯುತ್ತದೆ ಎಂಬುದು ಎಸಿ ಕೋಣೆಯಲ್ಲಿ ಕೂತು ಮಾಡಿದ ವಿಡಿಯೊದಲ್ಲಿ ತಿಳಿಯುವುದಿಲ್ಲ. ಆ ಪರೀಕ್ಷೆಯನ್ನು ನಾವೇ ಮಾಡಿಕೊಳ್ಳಬೇಕು. ಸಾಮಾನು ವಾಪಸ್ ಕೊಡುವ ಅವಧಿ ಮುಗಿಯುವುದರೊಳಗೆ ಮಾಡಿಕೊಳ್ಳಬೇಕು.

ದುಡ್ಡು ಕೊಡುವ ಮುಂಚೆ

ಮೊದಲು ಡಬ್ಬಿಯನ್ನು ಹಿಂದುಮುಂದು ತಿರುಗಿಸಿ ಸಣ್ಣಕ್ಷರಗಳನ್ನು ಓದಿ. ಪವರ್ ಬ್ಯಾಂಕ್‌ಗೆ ನಮ್ಮ ದೇಶದಲ್ಲಿ ಬಿಐಎಸ್ (ಭಾರತೀಯ ಮಾನಕ ಬ್ಯೂರೊ) ನೋಂದಣಿ ಕಡ್ಡಾಯ. ಡಬ್ಬಿಯ ಮೇಲೋ ಸಾಮಾನಿನ ಮೈಮೇಲೋ ‘ಆರ್’ ಅಕ್ಷರ, ಅದರ ಮುಂದೆ 8 ಅಂಕಿಗಳ ನೋಂದಣಿ ಸಂಖ್ಯೆ ಇರಬೇಕು. ಸಂಖ್ಯೆ ಇದ್ದರಷ್ಟೇ ಸಾಲದು, ಅದು ಯಾರದ್ದು ಎಂದೂ ನೋಡಬೇಕು. ‘ಬಿಐಎಸ್ ಕೇರ್’ ಆ್ಯಪ್ ಪುಕ್ಕಟೆ ಸಿಗುತ್ತದೆ. ಅದರಲ್ಲಿ ಆ ಸಂಖ್ಯೆ ಹಾಕಿದರೆ ತಯಾರಕರು ಯಾರು, ಯಾವ ಉತ್ಪನ್ನಕ್ಕೆ ನೋಂದಣಿ ಆಗಿದೆ ಎಂಬುದು ತೆರೆಯ ಮೇಲೆ ಬರುತ್ತದೆ. ಪವರ್ ಬ್ಯಾಂಕ್ ಡಬ್ಬಿಯ ಸಂಖ್ಯೆ ಹಾಕಿದಾಗ ಬೇರೆ ಯಾವುದೋ ಕಂಪನಿಯ ಬೇರೆ ಸಾಮಾನು ಬಂದರೆ ಅಲ್ಲಿಗೇ ಬಿಟ್ಟುಬಿಡಿ. ಅಂಗಡಿಯ ಮುಂದೆ ನಿಂತೇ ಎರಡು ನಿಮಿಷದಲ್ಲಿ ಮುಗಿಯುವ ಕೆಲಸ ಇದು, ಆದರೆ ಮಾಡುವವರು ತೀರಾ ಕಡಿಮೆ.

ಗರಿಷ್ಠ ಮಾರಾಟ ಬೆಲೆ, ತಯಾರಾದ ತಿಂಗಳು ಮತ್ತು ವರ್ಷ, ತಯಾರಕರ ಅಥವಾ ಆಮದುದಾರರ ವಿಳಾಸ, ಗ್ರಾಹಕರು ಸಂಪರ್ಕಿಸುವ ಫೋನ್ ನಂಬರು, ಇವೂ ಡಬ್ಬಿಯ ಮೇಲೆ ಇರಲೇಬೇಕು. ಲಿಥಿಯಂ ಬ್ಯಾಟರಿ ಬಳಸದೆ ಇಟ್ಟರೂ ಸವೆಯುತ್ತದೆ, ಸೆಕೆಯಲ್ಲಿ ಇನ್ನೂ ಬೇಗ ಸವೆಯುತ್ತದೆ. ಎರಡು ಬೇಸಿಗೆ ಗೋದಾಮಿನಲ್ಲೇ ಕಳೆದ ಮಾಲು ಅಗ್ಗಕ್ಕೆ ಸಿಕ್ಕರೂ ಬೇಡ.

10,000 ಎಂಎಎಚ್ ಅಂದರೆ ಎಷ್ಟು?

ಇಲ್ಲಿ ಸ್ವಲ್ಪ ಲೆಕ್ಕ ಬೇಕು. ಡಬ್ಬಿಯ ಮೇಲಿನ 10,000 ಎಂಎಎಚ್ ಒಳಗಿನ ಸೆಲ್‌ಗೆ ಸೇರಿದ ಅಳತೆ. ಸೆಲ್‌ನ ವೋಲ್ಟೇಜ್ ಸುಮಾರು 3.7. ಎರಡನ್ನೂ ಗುಣಿಸಿ ಸಾವಿರದಿಂದ ಭಾಗಿಸಿದರೆ 37 ವಾಟ್-ಅವರ್. ಒಳಗೆ ತುಂಬಿರುವ ಒಟ್ಟು ವಿದ್ಯುತ್ ಶಕ್ತಿ ಇದು, ನಿಜವಾದ ಸರಕು ಇದೇ. ಫೋನಿಗೆ ಹೋಗುವ ಕರೆಂಟು 5 ವೋಲ್ಟ್‌ನಲ್ಲಿ ಹೊರಡುವುದರಿಂದ 37ನ್ನು 5ರಿಂದ ಭಾಗಿಸಬೇಕು. 7,400 ಎಂಎಎಚ್ ಆಗುತ್ತದೆ. ವೋಲ್ಟೇಜ್ ಏರಿಸುವಾಗ ಒಂದಿಷ್ಟು ಶಾಖವಾಗಿ ಹೋಗುತ್ತದೆ. ಕೊನೆಗೆ ಕೈಗೆ ಸಿಗುವುದು 6,000ದಿಂದ 6,500ರ ಆಸುಪಾಸು. ಒಳ್ಳೆಯ ಕಂಪನಿಗಳು ಇದನ್ನು ‘ರೇಟೆಡ್ ಕೆಪಾಸಿಟಿ’ ಎಂದು ಸಣ್ಣಕ್ಷರದಲ್ಲಿ ತಾವೇ ಅಚ್ಚು ಹಾಕಿರುತ್ತವೆ. ನಾನಂತೂ ಆ ಸಾಲು ಇಲ್ಲದ ಪವರ್ ಬ್ಯಾಂಕ್ ಕೊಳ್ಳಿರೆಂದು ಯಾರಿಗೂ ಹೇಳುವುದಿಲ್ಲ.

ಮನೆಗೆ ತಂದ ಮೇಲೆ ಪರೀಕ್ಷೆ ಹೀಗೆ. ಪವರ್ ಬ್ಯಾಂಕ್ ಪೂರ್ತಿ ತುಂಬಿಸಿ. ಫೋನಿನ ಚಾರ್ಜ್ ಶೇ 10ಕ್ಕೆ ಇಳಿದಾಗ ಏರೋಪ್ಲೇನ್ ಮೋಡ್‌ಗೆ ಹಾಕಿ, ತೆರೆ ಆರಿಸಿ, ಜೋಡಿಸಿ. ಎಷ್ಟಕ್ಕೆ ಏರಿತು ಬರೆದುಕೊಳ್ಳಿ. ಫೋನ್ ಬಳಸಿ ಮತ್ತೆ ಇಳಿದ ಮೇಲೆ, ಅದೇ ಪವರ್ ಬ್ಯಾಂಕ್‌ನಿಂದ ಅದು ಬರಿದಾಗುವವರೆಗೆ ಚಾರ್ಜ್ ಮಾಡಿ. ಎರಡೂ ಸಲ ಏರಿದ ಶೇಕಡಾವಾರು ಕೂಡಿಸಿ. ಫೋನಿನದು 5,000 ಎಂಎಎಚ್ ಬ್ಯಾಟರಿಯಾದರೆ, ಪ್ರಾಮಾಣಿಕವಾದ 10,000ದ ಪವರ್ ಬ್ಯಾಂಕ್ ಒಟ್ಟು 130-140ರಷ್ಟು ಏರಿಸಬೇಕು. ‘ಎರಡು ಸಲ ಫುಲ್ ಆಗುತ್ತದೆ’ ಎಂಬ ಮಾತು ಯಾವ ಕಂಪನಿಯದ್ದಾದರೂ ನಿಜವಲ್ಲ. ಒಟ್ಟು 100 ಕೂಡ ಮುಟ್ಟದಿದ್ದರೆ ಒಳಗೆ ಬರೆದಷ್ಟು ಸೆಲ್ ಇಲ್ಲ, ವಾಪಸ್ ಕೊಡಿ. ಇನ್ನಷ್ಟು ಕರಾರುವಾಕ್ಕು ಬೇಕೆಂದರೆ ಸಣ್ಣ ಯುಎಸ್‌ಬಿ ಮೀಟರ್ ಸಿಗುತ್ತದೆ. ಕೇಬಲ್ ಮಧ್ಯೆ ಸಿಕ್ಕಿಸಿದರೆ ಎಷ್ಟು ವಾಟ್-ಅವರ್ ಹರಿಯಿತೆಂದು ಅದೇ ತೋರಿಸುತ್ತದೆ. 37ರಲ್ಲಿ 30ರ ಮೇಲೆ ಬಂದರೆ ಒಳ್ಳೆಯ ಸಾಮಾನು.

ಹೈದರಾಬಾದಿಗೆ ಹೋಗಿ ವಿಮಾನ ಹತ್ತುವವರಿಗೂ ಈ ವಾಟ್-ಅವರ್ ಮುಖ್ಯ. ಪವರ್ ಬ್ಯಾಂಕ್ ಕೈಚೀಲದಲ್ಲೇ ಇರಬೇಕು, ಲಗೇಜಿಗೆ ಹಾಕುವಂತಿಲ್ಲ. 100 ವಾಟ್-ಅವರ್‌ವರೆಗೆ ತೊಂದರೆಯಿಲ್ಲ. 20,000 ಎಂಎಎಚ್ ಅಂದರೆ 74. ಅಂಕಿ ಮೈಮೇಲೆ ಅಳಿಸಿಹೋಗಿದ್ದರೆ ತಪಾಸಣೆಯಲ್ಲಿ ತೆಗೆದಿಡುವ ಸಾಧ್ಯತೆ ಇದೆ.

ಮಧ್ಯಾಹ್ನದ ಪರೀಕ್ಷೆ

ಲಿಥಿಯಂ ಸೆಲ್‌ಗಳನ್ನು ಸಾಮಾನ್ಯವಾಗಿ 45 ಡಿಗ್ರಿ ಮೀರಿದ ಬಿಸಿಯಲ್ಲಿ ಚಾರ್ಜ್ ಮಾಡಬಾರದು. ಮೇ ತಿಂಗಳ ಮಧ್ಯಾಹ್ನ ಇಲ್ಲಿ ನೆರಳಿನ ಗಾಳಿಯೇ ಆ ಗಡಿಯ ಹತ್ತಿರ ಇರುತ್ತದೆ. ಅದಕ್ಕೇ ಫೋನುಗಳು ಬಿಸಿಯಾದ ಕೂಡಲೇ ಚಾರ್ಜಿಂಗ್ ವೇಗ ತಾವೇ ಇಳಿಸುತ್ತವೆ. ಡಬ್ಬಿಯ ಮೇಲೆ 67 ವಾಟ್ ಎಂದಿದ್ದರೂ ಮಧ್ಯಾಹ್ನ ಎರಡು ಗಂಟೆಗೆ ಅದು ಸಿಗುವುದಿಲ್ಲ, ಅದು ಫೋನಿನ ದೋಷವಲ್ಲ.

ಪರೀಕ್ಷೆಯನ್ನು ಬಿಸಿಲಿನಲ್ಲಿ ಇಟ್ಟು ಮಾಡಬೇಡಿ, ಅಪಾಯ. ನೆರಳಿರುವ ಪಡಸಾಲೆಯಲ್ಲಿ, ಕೂಲರ್ ಹಚ್ಚದೆ, ಅರ್ಧ ಗಂಟೆ ಚಾರ್ಜಿಗೆ ಹಾಕಿ ಪವರ್ ಬ್ಯಾಂಕನ್ನು ಕೈಯಲ್ಲಿ ಹಿಡಿಯಿರಿ. ಬೆಚ್ಚಗಿದ್ದರೆ ಸರಿ. ಹತ್ತೆಣಿಸುವಷ್ಟು ಹೊತ್ತು ಹಿಡಿಯಲಾಗದಷ್ಟು ಸುಟ್ಟರೆ, ಅಥವಾ ಮೈ ಒಂದಿಷ್ಟಾದರೂ ಉಬ್ಬಿದರೆ, ಮತ್ತೆ ಬಳಸಬೇಡಿ. ದಿನನಿತ್ಯ ಚಾರ್ಜಿಗೆ ಇಡಲು ನಮ್ಮ ಮನೆಗಳ ಶಹಾಬಾದ್ ಪರಸಿಯ ನೆಲಕ್ಕಿಂತ ಒಳ್ಳೆಯ ಜಾಗ ಇಲ್ಲ. ಕಲ್ಲು ಶಾಖವನ್ನು ಎಳೆದುಕೊಳ್ಳುತ್ತದೆ. ಹಾಸಿಗೆ, ದಿಂಬು ಅದನ್ನು ಒಳಗೇ ಹಿಡಿದಿಡುತ್ತವೆ. ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಬಿಟ್ಟುಹೋಗುವುದಂತೂ ಕೂಡದು. ನಿಂತ ಕಾರಿನಲ್ಲಿ ಬಿಸಿಲು ಬೀಳುವ ಆ ಜಾಗ 60 ಡಿಗ್ರಿ ದಾಟುತ್ತದೆ.

ಇಯರ್‌ಬಡ್ಸ್: ಎರಡು ಅಕ್ಷರಗುಚ್ಛ, ಎರಡು ಕೆಲಸ

ಎಎನ್‌ಸಿ ಮತ್ತು ಇಎನ್‌ಸಿ ಒಂದೇ ಎಂದು ತಿಳಿದು ಮೋಸಹೋಗುವವರು ಬಹಳ. ಎಎನ್‌ಸಿ ನಿಮ್ಮ ಕಿವಿಗೆ ಬರುವ ಗದ್ದಲ ಇಳಿಸುತ್ತದೆ. ಅದೂ ಕೂಲರ್‌ನ ಗುಂಯ್‌ಗುಡುವಿಕೆ, ರೈಲಿನ ಓಟದಂಥ ಒಂದೇ ಸಮನಾದ ಸದ್ದನ್ನು. ಹಾರ್ನು, ಮಾತು ಕೇಳಿಯೇ ಕೇಳುತ್ತವೆ. ಇಎನ್‌ಸಿ ಮೈಕ್‌ಗೆ ಸಂಬಂಧಿಸಿದ್ದು. ಅದರಿಂದ ಲಾಭ ಆಚೆ ಬದಿಯಲ್ಲಿ ಮಾತು ಕೇಳುವವರಿಗೆ. ಬೆಂಗಳೂರಿನ ರಾತ್ರಿ ರೈಲಿಗೆ ಮೊದಲನೆಯದು ಬೇಕು, ದಿನವಿಡೀ ಫೋನಿನಲ್ಲೇ ವ್ಯಾಪಾರ ಮಾಡುವವರಿಗೆ ಎರಡನೆಯದು. ಮೈಕ್ ಪರೀಕ್ಷಿಸಲು ಕೇಂದ್ರ ಬಸ್ ನಿಲ್ದಾಣದ ಮುಂದೆ ನಿಂತು ಮನೆಗೆ ಕರೆ ಮಾಡಿ, ನಿಮ್ಮ ಮಾತು ಹೇಗೆ ಕೇಳುತ್ತದೆ ಎಂದು ಅವರಿಂದಲೇ ಹೇಳಿಸಿ.

ಬ್ಯಾಟರಿ ‘40 ಗಂಟೆ’ ಎಂದಿದ್ದರೆ ಅದು ಇಯರ್‌ಬಡ್ಸ್ ಇಡುವ ಚಾರ್ಜಿಂಗ್ ಕೇಸ್‌ನ ಚಾರ್ಜ್ ಸೇರಿಸಿದ ಲೆಕ್ಕ. ಒಮ್ಮೆ ಕಿವಿಗೆ ಹಾಕಿದರೆ ಎಷ್ಟು ಗಂಟೆ ಎಂಬುದನ್ನು ಬೇರೆಯಾಗಿ ನೋಡಿ, ಎಎನ್‌ಸಿ ಹಚ್ಚಿದಾಗ ಎಷ್ಟು ಎಂದೂ ನೋಡಿ.

ದೂಳು, ನೀರು ಒಳಹೋಗದಂತೆ ಎಷ್ಟು ತಡೆಯುತ್ತದೆ ಎಂದು ಹೇಳುವ ಐಪಿ ಅಂಕಿಯಲ್ಲಿ ಮೊದಲನೆಯದು ದೂಳಿಗೆ, ಎರಡನೆಯದು ನೀರಿಗೆ. ಐಪಿಎಕ್ಸ್4 ಅಂದರೆ ನೀರು ಸಿಡಿದರೆ ತಡೆಯುತ್ತದೆ. ದೂಳಿನ ಜಾಗದಲ್ಲಿ ಎಕ್ಸ್ ಇರುವುದರಿಂದ ಅದರ ಬಗ್ಗೆ ಕಂಪನಿ ಯಾವ ಭರವಸೆಯನ್ನೂ ಕೊಟ್ಟಿಲ್ಲ. ಜನರು ನೀರಿನ ಅಂಕಿಯನ್ನೇ ಕೇಳುತ್ತಾರೆ. ತೊಗರಿ ರಾಶಿ ಮಾಡುವವರಿಗೆ, ಚಿತ್ತಾಪುರ, ಸೇಡಂ ಕಡೆಯ ಕಲ್ಲುಗಣಿಗಳಲ್ಲಿ ದುಡಿಯುವವರಿಗೆ ಬೇಕಾದದ್ದು ಮೊದಲ ಅಂಕಿ. ಅದು 5 ಅಥವಾ 6 ಇರುವ ಐಪಿ54, ಐಪಿ67 ಥರದ್ದನ್ನೇ ಕೇಳಿ ತೆಗೆದುಕೊಳ್ಳಿ. ಜಾಲರಿಯಲ್ಲಿ ದೂಳು ಕೂತರೆ ಒಣಗಿದ ಮೆತ್ತನೆ ಬ್ರಷ್ ಸಾಕು, ಪಿನ್ನು ಚುಚ್ಚಬೇಡಿ.

ಸ್ಪೀಕರ್ ಕೇಳಿ ನೋಡುವುದು

ವಾಟ್ ಮುಂದೆ ಪಿಎಂಪಿಒ (ಕ್ಷಣಮಾತ್ರ ಮುಟ್ಟುವ ಗರಿಷ್ಠ ಶಕ್ತಿ) ಎಂದಿದ್ದರೆ ಆ ಅಂಕಿಗೆ ಬೆಲೆ ಕೊಡಬೇಡಿ, ಆರ್‌ಎಂಎಸ್ (ಸತತವಾಗಿ ಕೊಡುವ ಶಕ್ತಿ) ಎಷ್ಟೆಂದು ಕೇಳಿ. ಅಂಗಡಿಯವರು ಹಾಕುವ ಡಿಜೆ ಹಾಡಿನಲ್ಲಿ ಎಲ್ಲ ಸ್ಪೀಕರೂ ಚೆನ್ನಾಗಿಯೇ ಕೇಳುತ್ತವೆ. ನಿಮ್ಮ ಫೋನಿನಲ್ಲಿರುವ, ಕೇಳಿ ಕೇಳಿ ಗೊತ್ತಿರುವ ಒಂದು ತತ್ವಪದ ಹಾಕಿಸಿ. ತಾಳದ ಸದ್ದು ಕಿವಿಗೆ ಚುಚ್ಚದೆ ಬಿಡಿಬಿಡಿಯಾಗಿ ಬರಬೇಕು. ತಬಲಾದ ಎಡಗೈ ಪೆಟ್ಟು ಬಿದ್ದಾಗ ಹಾಡುವವರ ದನಿ ಮುಳುಗಬಾರದು. ಆಮೇಲೆ ವಾಲ್ಯೂಮ್ ಪೂರ್ತಿ ಏರಿಸಿ. ದನಿ ಒಡೆದರೆ, ಸ್ಪೀಕರ್ ಮೈ ಗರಗರ ಎಂದರೆ, ಅದು ನಾಲ್ಕು ಜನ ಕೂರುವ ಅಂಗಳಕ್ಕೂ ಸಾಲದು. ಬ್ಯಾಟರಿ ಗಂಟೆಗಳನ್ನು ಹೆಚ್ಚಿನ ಕಂಪನಿಗಳು ಅರ್ಧ ವಾಲ್ಯೂಮ್‌ನಲ್ಲಿ ಅಳೆಯುತ್ತವೆ. ಭಜನೆಗೆ ಬಯಲಿನಲ್ಲಿ ಇಡುವವರು ಅಷ್ಟೂ ಗಂಟೆ ಸಿಗುತ್ತದೆಂದು ಎಣಿಸಬಾರದು.

ಜಿಎಸ್‌ಟಿ ಬಿಲ್ಲು ಬಿಡಬೇಡಿ, ಆನ್‌ಲೈನ್‌ನಲ್ಲಿ ತರಿಸಿದರೆ ಡಬ್ಬಿ ಬಿಚ್ಚುವಾಗ ವಿಡಿಯೊ ಮಾಡಿಕೊಳ್ಳಿ. ಪರೀಕ್ಷೆಯ ಅಂಕಿಗಳನ್ನು ತಾರೀಖು ಸಮೇತ ಬರೆದಿಟ್ಟರೆ ಅಂಗಡಿಯವರ ಮುಂದೆ ಮಾತಾಡಲು ಆಧಾರ ಇರುತ್ತದೆ. ಬದಲಿಸಿಕೊಡಲು ಒಪ್ಪದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ಅಲ್ಲಿಯೂ ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕರ ಆಯೋಗವಿದೆ. 5 ಲಕ್ಷ ರೂಪಾಯಿವರೆಗಿನ ಸಾಮಾನಿನ ದೂರಿಗೆ ಅಲ್ಲಿ ಶುಲ್ಕವಿಲ್ಲ, ವಕೀಲರಿಲ್ಲದೆ ನೀವೇ ವಾದಿಸಬಹುದು.